ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ: ಹೀತ್ರೂ, ಸಿಟಿ ಏರ್‌ಪೋರ್ಟ್, ಇಲ್ಲಾ ಟ್ರೈನಾ?

ನಾನಿರೋದು ಪೂರ್ವ ಲಂಡನ್ನಿನ ಇಲ್‌ಫರ್ಡಲ್ಲಿ, ಅಕ್ಕ ಭಾವ ಇರೋದು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೀನಲ್ಲಿ, ಹಾಗಾಗಿ ವರ್ಷಕ್ಕೆ ಮೂರ್ನಾಲ್ಕು ಸಲ ಈ ಓಡಾಟ ಇದ್ದಿದ್ದೇ. ಮೂರು ದಾರೀನೂ ಹೋಗಿ ಬಂದಿದೀನಿ, ಮನೆ ಬಾಗಿಲಿಂದ ಮನೆ ಬಾಗಿಲಿಗೆ ಟೈಮ್ ಬರೆದಿಟ್ಕೊಂಡಿದೀನಿ.

ಲಂಡನ್ನಿನ ದೊಡ್ಡ ಏರ್‌ಪೋರ್ಟ್ ಹೀತ್ರೂಯಿಂದ ಆಮ್‌ಸ್ಟರ್‌ಡ್ಯಾಮಿನ ಏರ್‌ಪೋರ್ಟ್ ಸ್ಖಿಪೋಲ್‌ಗೆ ನೇರ ದೂರ ಸುಮಾರು 370 ಕಿಲೋಮೀಟರ್, ಹೆಚ್ಚುಕಮ್ಮಿ ಬೆಂಗಳೂರಿಂದ ಮಂಗಳೂರಿಗೆ ರೋಡಲ್ಲಿ ಹೋದಷ್ಟು. ಗಾಳೀಲಿ ಇರೋದು 45-50 ನಿಮಿಷ, ಆದ್ರೆ ಟಿಕೆಟ್ಟಲ್ಲಿ 1 ಗಂಟೆ 20 ನಿಮಿಷ ಅಂತ ಇರತ್ತೆ, ಯಾಕಂದ್ರೆ ಅದು ಗೇಟಿಂದ ಗೇಟಿಗೆ ಲೆಕ್ಕ. ಸ್ಖಿಪೋಲಲ್ಲಿ ಪೋಲ್ಡರ್‌ಬಾನ್ ಅಂತ ಒಂದು ರನ್‌ವೇ ಇದೆ, ಟರ್ಮಿನಲ್‌ಗೆ ಎಷ್ಟು ದೂರ ಅಂದ್ರೆ ಇಳಿದ್ಮೇಲೂ ಹತ್ತು ಹದಿನೈದು ನಿಮಿಷ ವಿಮಾನ ನೆಲದ ಮೇಲೇ ಹೋಗ್ತಾ ಇರತ್ತೆ. ಇನ್ನೊಂದು, ಅಲ್ಲಿನ ಗಡಿಯಾರ ಒಂದು ಗಂಟೆ ಮುಂದೆ, ಹೋಗುವಾಗ 9ಕ್ಕೆ ಹೊರಟ್ರೆ 11:20ಕ್ಕೆ ಅಂತ ಕಾಣತ್ತೆ, ಬರುವಾಗ ಸಂಜೆ 6ಕ್ಕೆ ಹೊರಟು 6:20ಕ್ಕೇ ಇಳೀತೀವಿ, ಮೊದಲ ಸಲ ಬುಕ್ ಮಾಡೋರು ಇದನ್ನ ನೋಡ್ಕೊಳ್ಳಿ.

ನನಗೆ ಹೀತ್ರೂ ಊರಿನ ಆ ತುದಿ. ಎಲಿಜಬೆತ್ ಲೈನ್ ಟ್ರೈನಲ್ಲೇ ಒಂದು ಗಂಟೆ ಹೋಗತ್ತೆ, ಎರಡು ಗಂಟೆ ಮುಂಚೆ ಇರಬೇಕು, ಆಕಡೆ ಇಮಿಗ್ರೇಷನ್ ಕ್ಯೂ, ಬಸ್ಸು, ಎಲ್ಲಾ ಸೇರಿ ಐದೂವರೆ ಗಂಟೆ.

ಸಿಟಿ ಏರ್‌ಪೋರ್ಟ್ ಪುಟ್ಟದು, ಹಳೇ ಹಡಗುಕಟ್ಟೆ ಜಾಗದಲ್ಲಿದೆ, ರನ್‌ವೇ ಬರೀ 1,508 ಮೀಟರ್, ಅದಕ್ಕೇ ಸಣ್ಣ ವಿಮಾನಗಳೇ ಜಾಸ್ತಿ, ಇಳಿಯುವಾಗ ಬೇರೆ ಕಡೆಗಿಂತ ಕಡಿದಾಗಿ ಇಳಿಯತ್ತೆ. ಹಾರಾಟದ ಟೈಮ್ ಹೆಚ್ಚುಕಮ್ಮಿ ಅಷ್ಟೇ, ಆದ್ರೆ ಮನೆಯಿಂದ 40 ನಿಮಿಷ, ಒಂದೂಕಾಲು ಗಂಟೆ ಮುಂಚೆ ಹೋದ್ರೆ ಸಾಕು, ನಾಲ್ಕೂಕಾಲು ಗಂಟೇಲಿ ಅಕ್ಕನ ಮನೆ ಕಾಫಿ ಕೈಯಲ್ಲಿ. ಒಬ್ಬನೇ ಹೋಗೋದಾದ್ರೆ, ಬ್ಯಾಗ್ ಒಂದೇ ಇದ್ರೆ, ನಾನು ಕಣ್ಮುಚ್ಚಿ ಇದನ್ನೇ ಹಿಡಿಯೋದು, ಟಿಕೆಟ್ ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ.

ಯೂರೋಸ್ಟಾರ್ ಟ್ರೈನ್ ಹೊರಡೋದು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿಂದ, ಆಮ್‌ಸ್ಟರ್‌ಡ್ಯಾಮ್‌ಗೆ ನೇರವಾಗಿ ಹೋಗೋಕೆ ಶುರುವಾಗಿದ್ದು 2018ರಲ್ಲಿ. ಟ್ರೈನಲ್ಲೇ ನಾಲ್ಕು ಗಂಟೆ ಹತ್ರ, ಮನೆ ಲೆಕ್ಕದಲ್ಲಿ ಆರೂಮುಕ್ಕಾಲು, ಟೈಮಲ್ಲಿ ಇದು ಸೋಲತ್ತೆ ನಿಜ. ಆದ್ರೆ ಹೋದ ವರ್ಷ ಅಮ್ಮ ಬಂದಿದ್ದಾಗ ಮಂಡಿ ನೋವು ಅಂತ ಇದರಲ್ಲೇ ಕರ್ಕೊಂಡು ಹೋದೆ, ಅಮ್ಮ ಬೇಕಾದಾಗ ಎದ್ದು ಓಡಾಡಿದ್ರು, ಎರಡು ಸೂಟ್‌ಕೇಸಿಗೆ ಎಕ್ಸ್‌ಟ್ರಾ ದುಡ್ಡಿಲ್ಲ, ದ್ರವ ಪದಾರ್ಥ ನೂರು ಎಂಎಲ್ ಮೀರಬಾರದು ಅನ್ನೋ ರೂಲಿಲ್ಲ, ಹಾಗಾಗಿ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿ ಕೈಚೀಲದಲ್ಲೇ ಬಂತು. ತುಪ್ಪ ಮಾತ್ರ ಬಿಟ್ಟು ಹೋದ್ವಿ, ಬ್ರೆಕ್ಸಿಟ್ ಆದ್ಮೇಲೆ ಇಲ್ಲಿಂದ ಹಾಲಿನ ಪದಾರ್ಥ ಆಕಡೆ ಒಯ್ಯೋ ಹಾಗಿಲ್ಲ. ಶೆಂಗೆನ್, ಅಂದ್ರೆ ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು, ಅದರ ಪಾಸ್‌ಪೋರ್ಟ್ ಚೆಕ್ಕನ್ನ ಫ್ರೆಂಚ್ ಪೊಲೀಸರು ಲಂಡನ್ ಸ್ಟೇಷನ್ನಲ್ಲೇ ಮುಗಿಸಿಬಿಡ್ತಾರೆ, ಆಕಡೆ ಇಳಿದು ಸೀದಾ ಆಚೆ ಬರೋದೇ, ಇಂಡಿಯನ್ ಪಾಸ್‌ಪೋರ್ಟ್ ಇರೋ ವಯಸ್ಸಾದೋರಿಗೆ ಕೊನೇಲಿ ಕ್ಯೂ ಇಲ್ಲದೆ ಇರೋದು ಎಷ್ಟು ದೊಡ್ಡ ಅನುಕೂಲ ಅಂತ ಅವತ್ತೇ ಗೊತ್ತಾಗಿದ್ದು. ಸಮುದ್ರದ ಕೆಳಗಿನ ಸುರಂಗ ಇಪ್ಪತ್ತು ನಿಮಿಷದಲ್ಲಿ ದಾಟಿದ್ವಿ, ಅಮ್ಮ ಕಿಟಕಿ ಬಿಟ್ಟು ಕದಲಲಿಲ್ಲ.

ಮುಂದಿನ ಸಲ ಅಪ್ಪಾನೂ ಬರ್ತಾರೆ, ಟ್ರೈನ್ ಟಿಕೆಟ್ಟೇ ನೋಡ್ತಾ ಇದೀನಿ.