ದಿನಾ ಹಚ್ಚೋಕೆ ಯಾವ ಊದ್? ನಾಲ್ಕು ಎಣ್ಣೆ, ಎಂಟು ವಾರ

ಊದ್ ಅಂದರೆ ಅಗರು ಮರದ ಕಟ್ಟಿಗೆಯಿಂದ ಇಳಿಸುವ ಪರಿಮಳದ ಎಣ್ಣೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕಚೇರಿಗೆ ಹೋಗುವ ದಿನ ನನ್ನ ಕೈಗೆ ಕಂಬೋಡಿ ಊದ್. ಭಾನುವಾರ, ಇಲ್ಲವೇ ಜಡಿಮಳೆ ಹಿಡಿದು ಮನೆಯಲ್ಲೇ ಉಳಿದ ದಿನ ಅಸ್ಸಾಂ ಊದ್. ಬೋರ್ನಿಯೋ ಚೆನ್ನಾಗಿದೆ, ಆದರೆ ನನ್ನ ಮೈಮೇಲೆ ನಿಲ್ಲಲಿಲ್ಲ. ಮುಖಲ್ಲತ್ ಅನ್ನೋ ಊದ್ ಬೆರಕೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾಯಿತು, ನನಗೆ ಆಗಲಿಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಜಾಗ ಬೇಕು.

ನಾನಿರುವುದು ಮಲ್ಲೇಶ್ವರದಲ್ಲಿ. ಕೆಲಸ ಎಂ.ಜಿ. ರೋಡಿನಲ್ಲಿ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಲೈನಿಗೆ ಓಡುತ್ತೇನೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಮೆಜೆಸ್ಟಿಕ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಪಕ್ಕದವರ ಮೂಗು ನಮ್ಮ ಹೆಗಲ ಹತ್ತಿರವೇ ಇರುತ್ತದೆ. ದಿನಾ ಹಚ್ಚುವ ಪರಿಮಳ ನನಗೆ ಹಿಡಿಸಿದರೆ ಸಾಲದು, ಆ ಬೋಗಿಯಲ್ಲಿ ನಿಂತವರಿಗೂ ಹಿಂಸೆ ಆಗಬಾರದು. ಆಮೇಲೆ ಎಂಟು ಗಂಟೆ ಎ.ಸಿ. ರೂಮು. ಸಂಜೆ ಮನೆಗೆ ಬಂದಾಗಲೂ ಮಣಿಕಟ್ಟಿನಲ್ಲಿ ಏನಾದರೂ ಉಳಿದಿರಬೇಕು. ನನ್ನ ಅಳತೆ ಇಷ್ಟೇ.

ಜೂನ್‌ನಿಂದ ಜುಲೈ ಕೊನೆಯವರೆಗೆ, ಒಂದೊಂದು ಎಣ್ಣೆಗೆ ಎರಡು ವಾರ ಕೊಟ್ಟೆ. ಬೇರೆ ಯಾವ ಸೆಂಟೂ ಇಲ್ಲ, ವಾಸನೆಯ ಸೋಪೂ ಇಲ್ಲ. ಬಾಟಲಿಯ ಮುಚ್ಚಳದಲ್ಲೇ ಇರುವ ಗಾಜಿನ ಕಡ್ಡಿಯನ್ನು ಎಡ ಮಣಿಕಟ್ಟಿಗೆ ಒಂದು ಸಲ ಎಳೆಯುವುದು, ಕುತ್ತಿಗೆಯ ಹಿಂದೆ ಒಂದು ಸಲ ಮುಟ್ಟಿಸುವುದು. ಅದಕ್ಕಿಂತ ಜಾಸ್ತಿ ಇಲ್ಲ. ಹಚ್ಚಿದ ಕೂಡಲೇ, ಒಂದು ಗಂಟೆಗೆ, ಮೂರನೇ ಗಂಟೆಗೆ, ರಾತ್ರಿ ಊಟಕ್ಕೆ ಮುಂಚೆ ಮೂಸಿ ನೋಡಿ ಡೈರಿಯಲ್ಲಿ ಬರೆದಿಟ್ಟೆ.

ಇದಕ್ಕೂ ಒಂದು ವರ್ಷ ಮುಂಚೆ ಮೋಸ ಹೋಗಿದ್ದೆ. ಅಂಗಡಿಯ ಹೆಸರು ಬೇಡ. "ಪಕ್ಕಾ ಊದ್, ಅರ್ಧ ತೊಲ ಎಂಟುನೂರು" ಅಂದರು. ತಂದೆ. ಬೆಳಿಗ್ಗೆ ಹಚ್ಚಿದಾಗ ಹೇಗಿತ್ತೋ ರಾತ್ರಿಯೂ ಹಾಗೇ ಇತ್ತು, ಒಂದು ಚೂರೂ ಬದಲಾಗಲಿಲ್ಲ. ಆಗ ನನಗೆ ಅದು ಒಳ್ಳೆಯ ಗುಣ ಅನ್ನಿಸಿತ್ತು. ನಿಜವಾದ ಊದ್ ಹಚ್ಚಿದ ಮೇಲೆ ಗೊತ್ತಾಯಿತು. ನಿಜವಾದದ್ದು ಸುಮ್ನೆ ಕೂರುವುದಿಲ್ಲ, ಬೆಳಗಿನಿಂದ ರಾತ್ರಿಯೊಳಗೆ ಮೂರು ನಾಲ್ಕು ಸಲ ವಾಸನೆ ಬದಲಿಸುತ್ತದೆ.

ಯಾಕೆ ಅಂದರೆ ಅದು ಹುಟ್ಟುವುದೇ ಹಾಗೆ. ಅಗರು ಮರ ಆರೋಗ್ಯವಾಗಿದ್ದರೆ ಅದಕ್ಕೆ ಪರಿಮಳವೇ ಇಲ್ಲ. ಬಿಳಿ, ಹಗುರ ಕಟ್ಟಿಗೆ. ಹುಳ ಕೊರೆದೋ, ಗಾಯವಾಗಿಯೋ ಒಳಗೆ ಬೂಷ್ಟು ಹೊಕ್ಕಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಆ ಜಾಗದಲ್ಲಿ ಅಂಟು ತುಂಬಿಕೊಳ್ಳುತ್ತದೆ. ಕಟ್ಟಿಗೆ ಕಪ್ಪಾಗುತ್ತದೆ, ಭಾರವಾಗುತ್ತದೆ. ಚೆನ್ನಾಗಿ ಅಂಟು ತುಂಬಿದ ತುಂಡು ನೀರಿಗೆ ಹಾಕಿದರೆ ಮುಳುಗುತ್ತದೆ. ಆ ಕಪ್ಪು ಕಟ್ಟಿಗೆಯನ್ನು ಚೂರು ಮಾಡಿ, ನೀರಲ್ಲಿ ನೆನೆಸಿ, ಭಟ್ಟಿ ಇಳಿಸಿದರೆ ಬರುವುದೇ ಊದ್ ಎಣ್ಣೆ. ಮರದ ಜಾತಿ, ಗಾಯದ ವಯಸ್ಸು, ನೆನೆಸಿದ ದಿನ, ಬೆಂಕಿ, ಎಲ್ಲವೂ ಅದರೊಳಗೆ ಇರುತ್ತದೆ.

ಅಂದ ಹಾಗೆ, ಚಿಕ್ಕವನಿದ್ದಾಗ ಊದಿ ಆರಿಸುವುದರಿಂದ ಅದಕ್ಕೆ ಊದುಬತ್ತಿ ಅಂತ ಹೆಸರು ಅಂದುಕೊಂಡಿದ್ದೆ. ಆ ಊದು ಅರಬ್ಬಿಯ ಊದ್. ಅಗರಬತ್ತಿಯ ಅಗರೂ ಇದೇ ಮರ. ಎರಡು ಬೇರೆ ಬೇರೆ ಹೆಸರಲ್ಲಿ ಒಂದೇ ಮರ ನಮ್ಮ ದೇವರ ಮನೆಗೆ ಬಂದು ಕೂತಿದೆ. ಇದು ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು.

ನಾಲ್ಕೂ ಎಣ್ಣೆ ತಂದದ್ದು ಶಿವಾಜಿನಗರದಿಂದ, ರಸೆಲ್ ಮಾರ್ಕೆಟ್ಟಿನ ಆಚೆಯ ಓಣಿಯ ಒಂದು ಪುಟ್ಟ ಅಂಗಡಿಯಿಂದ. ಎದುರು ಬದುರು ಇಬ್ಬರು ಕೂತರೆ ಅಂಗಡಿ ತುಂಬಿತು. ನಾನು ಮೊದಲ ಸಲ ಕೈ ಚಾಚಿದಾಗ ಅಂಗಡಿಯ ಹಿರಿಯರು ಕಡ್ಡಿ ಎಳೆದು, ನನ್ನ ಕೈಯನ್ನು ಮೂಗಿನಿಂದ ದೂರ ತಳ್ಳಿದರು. "ಈಗ್ಲೇ ಮೂಸ್ಬೇಡಿ ಸಾರ್. ಚಾ ಕುಡೀರಿ, ಆಮೇಲೆ ನೋಡಿ." ಊದ್ ಬಗ್ಗೆ ನಾನು ಕೇಳಿದ ಅತಿ ಒಳ್ಳೆಯ ಮಾತು ಅದೇ.

ಅಸ್ಸಾಂ ಎಣ್ಣೆಯಿಂದ ಶುರು ಮಾಡಿದೆ. ಅಂಗಡಿಯಲ್ಲಿ ಇದನ್ನು 'ಹಿಂದಿ' ಅನ್ನುತ್ತಾರೆ. ಅರಬರ ವ್ಯಾಪಾರದಲ್ಲಿ ಭಾರತದ ಊದ್‌ಗೆ ಅದೇ ಹೆಸರು. ಹೋಜಾಯಿ ಅಂತ ಅಸ್ಸಾಮಿನ ಊರು, ಅಗರು ವ್ಯಾಪಾರಕ್ಕೆ ಹೆಸರಾದದ್ದು. ಅಸ್ಸಾಮಿನ ಪೂರ್ವ ಭಾಗದಲ್ಲಿ ಜನ ಮನೆ ಹಿತ್ತಲಲ್ಲೇ, ಅಡಿಕೆ ಮರದ ಜೊತೆ ಅಗರು ಬೆಳೆಸುತ್ತಾರೆ. ಹಿಂದೆ ಅಲ್ಲಿ ಈ ಮರದ ತೊಗಟೆಯ ಮೇಲೇ ಗ್ರಂಥ ಬರೆಯುತ್ತಿದ್ದರು, ಸಾಂಚಿಪಾತ್ ಅಂತ ಅದಕ್ಕೆ ಹೆಸರು.

ಹಚ್ಚಿದ ಮೊದಲ ಅರ್ಧ ಗಂಟೆ ಇದು ಜೋರು. ಹುಳಿ, ಒದ್ದೆ ಹುಲ್ಲು, ಹಸಿ ಚರ್ಮ, ಹಸುವಿನ ಮೈ. ಕಟ್ಟಿಗೆಯನ್ನು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೀರಲ್ಲಿ ಹುಳಿ ಬರಿಸಿ ಆಮೇಲೆ ಭಟ್ಟಿಗೆ ಹಾಕುವುದರಿಂದ ಬರುವ ವಾಸನೆ ಅದು. ಊದ್ ಬಗ್ಗೆ ಬರೆಯುವ ಹೊರದೇಶದವರು ಇದನ್ನು ದನದ ಕೊಟ್ಟಿಗೆ ಅಂತ ಕರೆದು, ಹೊಸಬರಿಗೆ ಬೇಡ ಅಂತ ಎಚ್ಚರಿಕೆ ಕೊಡುತ್ತಾರೆ. ನನಗೆ ಅದು ಎಚ್ಚರಿಕೆ ಅನ್ನಿಸಲೇ ಇಲ್ಲ. ನಮ್ಮೂರು ತಿಪಟೂರಿನ ಹತ್ತಿರ. ಮನೆಯೊಳಗೇ ಒಂದು ಪಕ್ಕ ಕೊಟ್ಟಿಗೆ ಇತ್ತು, ನಡುವೆ ಅರ್ಧ ಗೋಡೆ. ಚಳಿಗಾಲದ ಬೆಳಿಗ್ಗೆ ಅಮ್ಮ ಹಾಲು ಕರೆಯುವಾಗ ನಾನು ಅಲ್ಲೇ ಒಲೆ ಹತ್ತಿರ ಕೂತಿರುತ್ತಿದ್ದೆ. ಹೊಗೆ, ಹಿಂಡಿ, ಬಿಸಿ ಹಾಲು, ಹಸುವಿನ ಉಸಿರು ಎಲ್ಲ ಸೇರಿದ ಒಂದು ವಾಸನೆ.

ಎರಡನೇ ವಾರ ಅಮ್ಮ ಊರಿನಿಂದ ಬಂದಿದ್ದರು. ನಾನು ಕಾಫಿ ಲೋಟ ಕೊಡಲು ಬಗ್ಗಿದೆ. ಅಮ್ಮ ಲೋಟ ಹಿಡಿಯಲಿಲ್ಲ, ನನ್ನ ಕೈ ಹಿಡಿದರು. "ಏನೋ ಇದು, ನಮ್ಮ ಕೊಟ್ಟಿಗೆ ಬಾಗಿಲು ತೆಗೆದಂಗಾಯ್ತಲ್ಲೋ" ಅಂದರು. ಹಸು ಮಾರಿ ಹದಿನೈದು ವರ್ಷವಾಗಿದೆ. ಕೈ ಬಿಡದೆ ಇನ್ನೊಂದು ಸಲ ಮೂಸಿದರು.

ಮೂರನೇ ಗಂಟೆಯಿಂದ ಈ ಎಣ್ಣೆ ಬೇರೆಯೇ. ಹುಳಿ ಹೋಗುತ್ತದೆ. ಹಳೇ ಮರದ ಪೆಟ್ಟಿಗೆ ತೆಗೆದಾಗ ಬರುವ ಗಂಭೀರ ವಾಸನೆ, ಒಂದಿಷ್ಟು ಜಾಯಿಕಾಯಿ, ಒಂದಿಷ್ಟು ಹೊಗೆ. ಸಂಜೆಗೆ ಲಾವಂಚದ ಬೇರಿನ ಹಾಗೆ ತಣ್ಣಗಾಗಿ ಚರ್ಮಕ್ಕೆ ಅಂಟಿಕೊಂಡಿರುತ್ತದೆ. ರಾತ್ರಿ ಮಲಗುವಾಗಲೂ ಇತ್ತು. ಶಾಲಿಗೆ ತಾಗಿದ್ದು ನಾಲ್ಕು ದಿನ ಉಳಿಯಿತು. ನಾಲ್ಕರಲ್ಲಿ ಇದರಷ್ಟು ಆಳ ಯಾವುದಕ್ಕೂ ಇಲ್ಲ, ಇದನ್ನು ನಾನು ಮನಸ್ಸಿಟ್ಟು ಹೇಳುತ್ತಿದ್ದೇನೆ.

ಆದರೆ ಮೆಟ್ರೋಗೆ ಇದು ಸರಿಯಲ್ಲ. ಏಳೂವರೆಗೆ ಹಚ್ಚಿದರೆ ಒಂಬತ್ತಕ್ಕೆ ಸ್ವಲ್ಪ ತಗ್ಗುತ್ತದೆ ನಿಜ, ಆದರೂ ಬೋಗಿಯಲ್ಲಿ ಒಂದು ದಿನ ಪಕ್ಕದ ಹುಡುಗಿ ಮೂಗಿಗೆ ಕರ್ಚೀಫ್ ಹಿಡಿದಳು. ನನ್ನಿಂದಲೋ ಅಲ್ಲವೋ, ಆಮೇಲೆ ಕೆಲಸದ ದಿನ ಹಚ್ಚಲು ಮನಸ್ಸು ಬರಲಿಲ್ಲ. ನಮ್ಮ ಕೊಟ್ಟಿಗೆಯ ನೆನಪನ್ನು ಬೇರೆಯವರ ಮೇಲೆ ಹೇರುವುದು ತಪ್ಪು.

ಕಂಬೋಡಿ ಅಂದರೆ ಈಗ ಎಲ್ಲವೂ ಕಾಂಬೋಡಿಯಾದಿಂದಲೇ ಬರುವುದಿಲ್ಲ. ಅದೇ ಜಾತಿಯ ಮರವನ್ನು ಥಾಯ್ಲೆಂಡಿನಲ್ಲಿ, ಮುಖ್ಯವಾಗಿ ತ್ರಾತ್ ಪ್ರಾಂತ್ಯದ ಕಡೆ, ತೋಟ ಮಾಡಿ ಬೆಳೆಸುತ್ತಾರೆ. ನಾನು ತಂದದ್ದೂ ಅಂಥದ್ದೇ. ಹಿರಿಯರು ಅದನ್ನು ಮುಚ್ಚಿಡದೆ ಹೇಳಿದರು, ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ಎಣ್ಣೆ ಕೆಂಪು ಕಂದು ಬಣ್ಣ, ಬೆಳಕಿಗೆ ಹಿಡಿದರೆ ಜೋನಿಬೆಲ್ಲದ ಹಾಗೆ. ವಾಸನೆಯೂ ಅದರ ಹತ್ತಿರದ್ದೇ. ಒಣದ್ರಾಕ್ಷಿ, ಬೆಲ್ಲದ ಪಾಕ, ಚೆನ್ನಾಗಿ ಹಣ್ಣಾದ ಹಲಸಿನ ತೊಳೆ, ಅದರ ಹಿಂದೆ ಮರ. ಹಚ್ಚಿದ ಮೊದಲ ನಿಮಿಷದಿಂದಲೇ ಸ್ನೇಹದಿಂದ ಇರುತ್ತದೆ. ಮೂರನೇ ಗಂಟೆಗೆ ಹಣ್ಣು ಹಿಂದೆ ಸರಿದು, ಒಣ ಹೊಗೆಸೊಪ್ಪು ಮತ್ತು ಜೇನು ಬರುತ್ತದೆ. ಎ.ಸಿ. ರೂಮಿನಲ್ಲಿ ಅದು ಎಲ್ಲೂ ಹೋಗದೆ ನನ್ನ ಸುತ್ತ ಒಂದು ಮೊಳದಷ್ಟು ದೂರ ಮಾತ್ರ ನಿಂತಿರುತ್ತಿತ್ತು. ಕೈ ಚಾಚಿ ಫೈಲು ಕೊಟ್ಟರೆ ಎದುರಿನವರಿಗೆ ಗೊತ್ತಾಗುತ್ತದೆ, ಹಿಂದಿನ ಮೇಜಿನವರಿಗೆ ಗೊತ್ತಾಗುವುದಿಲ್ಲ. ಕಚೇರಿಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಸೆಕ್ಷನ್‌ನ ಹುಡುಗಿ ಒಬ್ಬಳು ಎರಡು ದಿನ ಸುಮ್ಮನಿದ್ದು ಮೂರನೇ ದಿನ ಕೇಳಿದಳು, "ಸರ್, ನೀವು ಬಂದ್ರೆ ಏನೋ ಸ್ವೀಟ್ ಬಾಕ್ಸ್ ತೆಗೆದಂಗೆ ವಾಸನೆ ಬರುತ್ತೆ, ಏನದು?" ಆ ಎರಡು ವಾರದಲ್ಲಿ ಒಬ್ಬರೂ ಮುಖ ಸಿಂಡರಿಸಲಿಲ್ಲ. ಸಂಜೆ ಏಳಕ್ಕೆ ಮನೆಗೆ ಬಂದಾಗ ತೆಳ್ಳಗೆ, ಸಿಹಿಯಾಗಿ ಉಳಿದಿರುತ್ತಿತ್ತು. ಅಸ್ಸಾಮಿನಷ್ಟು ಗಟ್ಟಿ ಅಲ್ಲ, ಸರಿಯಾಗಿ ಒಂದು ಕೆಲಸದ ದಿನದಷ್ಟು.

ಇದರಲ್ಲಿ ಒಂದು ಕೊರತೆ ಇದೆ. ಸೆಕೆಯಲ್ಲಿ ಸಿಹಿ ಜಾಸ್ತಿ ಆಗುತ್ತದೆ. ಆಮೇಲೆ ಮಾರ್ಚ್‌ನಲ್ಲಿ ಹಚ್ಚಿ ನೋಡಿದಾಗ ಮಧ್ಯಾಹ್ನದ ಹೊತ್ತಿಗೆ ತಲೆ ಭಾರ ಅನ್ನಿಸಿತು. ಬೇಸಿಗೆಯಲ್ಲಿ ಕಡ್ಡಿ ಎಳೆಯಬೇಡಿ, ಒಂದು ಚುಕ್ಕೆ ಮುಟ್ಟಿಸಿ ಬಿಡಿ.

ಬೋರ್ನಿಯೋ ಎಣ್ಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಚ್ಚಿದ ಕೂಡಲೇ ಪಚ್ಚಕರ್ಪೂರ ಮತ್ತು ಹೊಸದಾಗಿ ಕೊಯ್ದ ಹಲಗೆ ಒಟ್ಟಿಗೆ ಮೂಸಿದ ಹಾಗೆ. ತಂಪು, ಶುಭ್ರ. ಮೊದಲ ಒಂದು ಗಂಟೆ ನಾಲ್ಕರಲ್ಲಿ ಇದೇ ಚೆಂದ. ಆದರೆ ಮಧ್ಯಾಹ್ನದ ಊಟಕ್ಕೆ ಕೂತಾಗ ಕೈಯಲ್ಲಿ ಹುಡುಕಬೇಕಾಯಿತು. ಬೆಲೆ ಮಾತ್ರ ನಾಲ್ಕರಲ್ಲಿ ಇದಕ್ಕೇ ಹೆಚ್ಚು. ಬೆಳಿಗ್ಗೆ ಪೂಜೆಗೋ, ವಾಕಿಂಗ್‌ಗೋ ಹಚ್ಚುವವರಿಗೆ ಇದು ಸರಿಹೋಗಬಹುದು.

ಮುಖಲ್ಲತ್ ಅಂದರೆ ಬೆರಕೆ. ಊದ್ ಜೊತೆ ಗುಲಾಬಿ, ಗಂಧ, ಕೇಸರಿ. ನನ್ನ ಹೆಂಡತಿಗೆ ಇದೇ ಬೇಕು, ಬಾಟಲಿ ಈಗ ಅವಳ ಬೀರುವಿನಲ್ಲಿದೆ. ಮದುವೆ ಮನೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಗುಲಾಬಿ ಮುಂದೆ ಬಂದು ಎಲ್ಲರನ್ನೂ ಮಾತಾಡಿಸುತ್ತದೆ, ಗಂಧ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. 1916ರಿಂದ ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಇರುವ ನಾಡಿನವರು ನಾವು, ಗಂಧ ನಮಗೆ ಹೊಸದಲ್ಲ. ನನ್ನ ತಕರಾರು ಅದೇ. ಗಂಧ ಎದ್ದು ಕೂತರೆ ನನ್ನ ಮೂಗು ಅದನ್ನು ಹಿಡಿದು ಅಲ್ಲೇ ನಿಂತುಬಿಡುತ್ತದೆ. ಊದ್ ಎಲ್ಲಿ ಅಂತ ಹುಡುಕಬೇಕಾಗುತ್ತದೆ. ಊದ್‌ಗೋಸ್ಕರ ದುಡ್ಡು ಕೊಟ್ಟವನಿಗೆ ಅದು ಕಷ್ಟ.

ದುಡ್ಡಿನ ಮಾತು. ಅತ್ತರಿನ ಅಂಗಡಿಯಲ್ಲಿ ತೊಲದ ಲೆಕ್ಕ. ಒಂದು ತೊಲ ಅಂದರೆ ಸುಮಾರು 12 ಮಿಲಿ. ನಾನು ತಂದದ್ದು ಕಾಲು ತೊಲ, 3 ಮಿಲಿ. ಅಸ್ಸಾಂಗೆ 5,400 ರೂಪಾಯಿ, ಕಂಬೋಡಿಗೆ 6,300 ಕೊಟ್ಟೆ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ದಿನಾ ಹಚ್ಚಿಯೂ 1 ಮಿಲಿ ನನಗೆ ಎರಡು ತಿಂಗಳು ಬಂತು. ಅಂದರೆ ಕಂಬೋಡಿಗೆ ದಿನಕ್ಕೆ 35 ರೂಪಾಯಿ, ಎರಡು ಲೋಟ ಕಾಫಿಯ ದುಡ್ಡು. ಕಾಡಿನ ಹಳೆಯ ಮರದ ಎಣ್ಣೆ ಬೇಕು ಅಂದರೆ ಬೆಲೆ ಇದಕ್ಕಿಂತ ಎಷ್ಟೋ ಜಾಸ್ತಿ, ಅದನ್ನು ನಾನು ಕೇಳುವುದೂ ಇಲ್ಲ. ಅಸ್ಸಾಮಿನ ಅಗರು ಜಾತಿ 1995ರಿಂದ ಸೈಟಿಸ್ ಪಟ್ಟಿಯಲ್ಲಿದೆ (ಅಳಿವಿನ ಭಯ ಇರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶದೇಶಗಳ ಒಪ್ಪಂದ ಅದು), 2005ರಿಂದ ಎಲ್ಲ ಅಗರು ಜಾತಿಗಳೂ ಸೇರಿವೆ. ಯಾವ ಮರದ ಒಳಗೆ ಅಂಟಿದೆ ಅಂತ ಹೊರಗಿನಿಂದ ಹೇಳುವುದು ಕಷ್ಟ. ಸಿಕ್ಕಿದ್ದನ್ನೆಲ್ಲ ಕಡಿದು ಕಡಿದು ಕಾಡಿನಲ್ಲಿ ಈ ಮರ ಮುಗಿಯುತ್ತಾ ಬಂತು. ಬೆಳೆಸಿದ ಮರದ ಎಣ್ಣೆಯಲ್ಲೇ ಇಷ್ಟು ಸುಖ ಇರುವಾಗ ಕಾಡಿನದ್ದು ಯಾಕೆ ಬೇಕು?

ಕೆಲವು ಮಾತು ಅನುಭವದಿಂದ. ಬಿಳಿ ಶರ್ಟಿನ ಕಫ್‌ಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ. ನನ್ನದೊಂದು ಒಳ್ಳೆಯ ಶರ್ಟು ಹಾಗೇ ಹಾಳಾಯಿತು. ಎರಡು ಮಣಿಕಟ್ಟು ಸೇರಿಸಿ ಗಸಗಸ ಉಜ್ಜಬೇಡಿ, ಸುಮ್ನೆ ಬಿಡಿ. ಡಿಸೆಂಬರ್ ಬೆಳಿಗ್ಗೆ ಅಸ್ಸಾಂ ಎಣ್ಣೆ ಎಷ್ಟು ಗಟ್ಟಿಯಾಗುತ್ತದೆ ಅಂದರೆ ಬಾಟಲಿ ಓರೆ ಮಾಡಿದರೂ ಕದಲುವುದಿಲ್ಲ. ಆಗ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ಎರಡು ನಿಮಿಷ ನಿಲ್ಲಿ. ಕೈಯ ಬಿಸಿಗೆ ಅದು ಮೆಲ್ಲಗೆ ಗಾಜಿನ ಗೋಡೆ ಬಿಟ್ಟು ಇಳಿಯುತ್ತದೆ. ನನಗೆ ಬೆಳಗಿನ ಅತಿ ಇಷ್ಟದ ಎರಡು ನಿಮಿಷ ಅದು.

ಮೊದಲ ಸಲ ತರುವವರು ಅಂಗಡಿಯಲ್ಲೇ ತೀರ್ಮಾನ ಮಾಡಬೇಡಿ. ಒಂದು ಕೈಗೆ ಅಸ್ಸಾಂ, ಇನ್ನೊಂದಕ್ಕೆ ಕಂಬೋಡಿ ಹಚ್ಚಿಸಿಕೊಳ್ಳಿ. ದುಡ್ಡು ಕೊಡದೆ ಹೊರಗೆ ಬನ್ನಿ. ಕಮರ್ಷಿಯಲ್ ಸ್ಟ್ರೀಟ್ ತನಕ ನಡೆಯಿರಿ, ಊಟ ಮಾಡಿ, ಬೇಕಾದ್ದು ನೋಡಿ, ಮೂರು ಗಂಟೆ ಬಿಟ್ಟು ವಾಪಸ್ ಹೋಗಿ. ಅಷ್ಟು ಹೊತ್ತಿಗೆ ಯಾವ ಕೈಯನ್ನು ಹೆಚ್ಚು ಸಲ ಮೂಗಿನ ಹತ್ತಿರ ತಂದಿರಿ ಅಂತ ನಿಮಗೇ ಗೊತ್ತಿರುತ್ತದೆ. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮೂರನೇ ಸಲ ವಾಪಸ್ ಹೋದಾಗ ಆ ಹಿರಿಯರು ಏನೂ ಕೇಳಲಿಲ್ಲ, ಸ್ಟೂಲು ಎಳೆದು ಇನ್ನೊಂದು ಚಾ ಹೇಳಿದರು.