ಹೊಸ ಬಾಲ್‌ಗೆ ತೂತು ಹಾಕಿಸುವ ಮುಂಚೆ ಇದನ್ನೊಮ್ಮೆ ಓದಿ

ಟೆನ್‌ಪಿನ್ ಬೌಲಿಂಗ್‌ಗೆ, ಅಂದರೆ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಆಟಕ್ಕೆ, ಸ್ವಂತ ಬಾಲ್ ಕೊಳ್ಳುವ ಯೋಚನೆ ಇರುವವರಿಗೆ ಈ ಬರಹ. ಅದರಲ್ಲೂ ಜಾಸ್ತಿ ಹುಕ್ ಆಗುವ, ಅಂದರೆ ಹೋಗುತ್ತಾ ಹೋಗುತ್ತಾ ಪಕ್ಕಕ್ಕೆ ಬಾಗುವ, ಬಾಲನ್ನು ಮೊದಲ ಸಲ ತಗೋತಿದ್ದರೆ ದಯವಿಟ್ಟು ಪೂರ್ತಿ ಓದಿ. ನಾನು ಒಂದು ಒಳ್ಳೆ ಬಾಲನ್ನು ಎರಡು ಸಲ ಕೊರೆಸಿ ಹಾಳು ಮಾಡಿಕೊಂಡೆ. ಅದರ ಜೊತೆ ಹೆಬ್ಬೆರಳನ್ನೂ ನೋಯಿಸಿಕೊಂಡೆ. ಎರಡನ್ನೂ ತಪ್ಪಿಸಬಹುದಿತ್ತು.

ನಾನು ಬಲಗೈ ಆಟಗಾರ. ಬಾಲನ್ನು ನಿಧಾನವಾಗಿ ಬಿಡುತ್ತೇನೆ, ಆದರೆ ಕೈಯಿಂದ ಸುತ್ತು ಜಾಸ್ತಿ ಬೀಳುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಮೂರು ವರ್ಷ ಒಂದು ಪಾಲಿಶ್ ಮಾಡಿದ ಪರ್ಲ್ ಬಾಲ್‌ನಲ್ಲಿ ಆಡಿದ್ದೆ, ಚೆನ್ನಾಗೇ ಹೋಗುತ್ತಿತ್ತು. ಇನ್ನೂ ಜಾಸ್ತಿ ಹುಕ್ ಬೇಕು ಅನ್ನಿಸಿ ಅಸಿಮೆಟ್ರಿಕ್ ಕೋರ್ (ಒಳಗಿನ ಭಾರದ ತಿರುಳು, ಆಕಾರದಲ್ಲಿ ಸಮ ಇಲ್ಲದ್ದು) ಇರುವ, ಸಾಲಿಡ್ ರಿಯಾಕ್ಟಿವ್ ಕವರಿನ (ಹೊರಚಿಪ್ಪಿನ) ಬಾಲ್ ತಂದೆ. 15 ಪೌಂಡ್. ಮೈ ಮಂಕಾಗಿತ್ತು. ಕೈಯಾಡಿಸಿದರೆ ಸ್ಲೇಟಿನ ಹಾಗೆ ಸಣ್ಣಗೆ ತರಿತರಿ.

ಕೊರೆಯುವವರು ನನ್ನ ಅಂಗೈ ಅಳೆದರು, ಬೆರಳುಗಳ ದಪ್ಪ ನೋಡಿದರು, "ಎಷ್ಟು ಹುಕ್ ಬೇಕು" ಅಂತ ಕೇಳಿದರು. ಆದಷ್ಟೂ ಜಾಸ್ತಿ ಅಂದೆ. ಅಷ್ಟೇ ಮಾತು. ನಾನು ಒಂದು ಬಾಲ್ ಎಸೆಯುವುದನ್ನೂ ಅವರು ನೋಡಲಿಲ್ಲ. ನನ್ನ ಪಿಎಪಿ ಎಲ್ಲಿದೆ ಅಂತ ಅಳೆಯಲಿಲ್ಲ. "ಬಲಗೈನವರಿಗೆ ತೂತುಗಳ ಮಧ್ಯದಿಂದ ಸುಮಾರು 5 ಇಂಚು ಇರುತ್ತೆ" ಅಂತ ಹೇಳಿ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಬಿಟ್ಟರು. ನನಗೂ ಆಗ ಇದೆಲ್ಲ ಗೊತ್ತಿರಲಿಲ್ಲ, ಸುಮ್ನೆ ನಿಂತು ನೋಡಿದೆ.

ಪಿಎಪಿ ಅಂದರೇನು ಅಂತ ಮೊದಲು ಹೇಳಿಬಿಡುತ್ತೇನೆ. ಬಾಲ್ ಕೈ ಬಿಟ್ಟ ಕ್ಷಣದಲ್ಲಿ ಒಂದು ಅಚ್ಚಿನ ಸುತ್ತ ತಿರುಗುತ್ತಿರುತ್ತದೆ, ಬುಗುರಿಗೆ ಮೊಳೆ ಇದ್ದ ಹಾಗೆ. ಆ ಅಚ್ಚು ಬಾಲಿನ ಮೈಯಿಂದ ಹೊರಗೆ ಬರುವ ಜಾಗವೇ ಪಿಎಪಿ. ಬಲಗೈನವರಿಗೆ ಅದು ಬಾಲಿನ ಬಲಭಾಗದಲ್ಲಿ ಇರುತ್ತದೆ. ಒಬ್ಬೊಬ್ಬರ ಕೈಗೆ ಒಂದೊಂದು ಕಡೆ. ಬಾಲ್ ಮೇಲೆ ಬೇರೆ ಬಣ್ಣದ ಒಂದು ಚುಕ್ಕೆ ಇರುತ್ತದೆ, ಅದನ್ನು ಪಿನ್ ಅಂತಾರೆ. ಬೀಳಿಸುವ ಪಿನ್ ಅಲ್ಲ ಇದು. ಒಳಗಿರುವ ಕೋರಿನ ತುದಿ ಎಲ್ಲಿದೆ ಅಂತ ತೋರಿಸುವ ಗುರುತು. ಈ ಚುಕ್ಕೆಗೂ ನಿಮ್ಮ ಪಿಎಪಿಗೂ ಎಷ್ಟು ದೂರ ಅನ್ನುವುದೇ ಲೇಔಟಿನ, ಅಂದರೆ ತೂತುಗಳನ್ನು ಎಲ್ಲಿ ಕೊರೆಯಬೇಕು ಅನ್ನುವ ಲೆಕ್ಕದ, ಜೀವ.

ಯಾಕೆ ಅಂದರೆ, ಬಾಲ್ ಉರುಳುವಾಗ ಕೋರ್ ತನಗೆ ನೆಮ್ಮದಿಯಾದ ಅಚ್ಚನ್ನು ಹುಡುಕುತ್ತಾ ಹೋಗುತ್ತದೆ. ಹಾಗಾಗಿ ಅಚ್ಚು ಸ್ವಲ್ಪ ಸ್ವಲ್ಪವೇ ಸರಿಯುತ್ತದೆ, ಪ್ರತಿ ಸುತ್ತಿಗೂ ಬಾಲಿನ ಹೊಸ ಜಾಗ ಲೇನ್ ಮುಟ್ಟುತ್ತದೆ. ಆಟ ಆದಮೇಲೆ ಬಾಲ್ ಮೇಲೆ ಬಿಲ್ಲಿನಂಥ ಎಣ್ಣೆ ಗೆರೆಗಳು ಒಂದರ ಪಕ್ಕ ಒಂದು ಬಿದ್ದಿರುತ್ತವಲ್ಲ, ಅದೇ ಇದು, ಫ್ಲೇರ್ ಅಂತಾರೆ. ಬಾಲಿನ ಸುತ್ತಳತೆ ಸುಮಾರು 27 ಇಂಚು, ಅದರ ಕಾಲು ಭಾಗ 6 3/4. ಚುಕ್ಕೆ ಪಿಎಪಿ ಮೇಲೇ ಇದ್ದರೆ, ಇಲ್ಲ 6 3/4 ಇಂಚು ದೂರ ಇದ್ದರೆ, ಕೋರ್ ನೆಮ್ಮದಿಯಾಗಿರುತ್ತದೆ, ಗೆರೆ ಹರಡುವುದು ಕಡಿಮೆ. ಸರಿಯಾಗಿ ಮಧ್ಯದಲ್ಲಿ, 3 3/8 ಇಂಚಿನಲ್ಲಿ, ಅತಿ ಜಾಸ್ತಿ ಹರಡುತ್ತದೆ. ನನಗೆ ಹಾಕಬೇಕು ಅಂದುಕೊಂಡಿದ್ದೂ ಅದೇ 3 3/8. ಆದರೆ ನನ್ನ ನಿಜವಾದ ಪಿಎಪಿ ಇರುವುದು 4 1/4 ಇಂಚಿನಲ್ಲಿ. ಅಂದಾಜು ಮುಕ್ಕಾಲು ಇಂಚು ತಪ್ಪಿತ್ತು. ಚುಕ್ಕೆ ನನ್ನ ಅಚ್ಚಿಗೆ 2 3/4 ಇಂಚಿನ ಹತ್ತಿರ ಬಂದು ಕೂತಿತು. ಚುಕ್ಕೆ ಹತ್ತಿರ ಬಂದಷ್ಟೂ ಬಾಲ್ ಬೇಗ ಉರುಳುವುದಕ್ಕೆ ಶುರು ಮಾಡುತ್ತದೆ. ಅದರ ಮೇಲೆ ಡ್ರಿಲ್ಲಿಂಗ್ ಆಂಗಲ್ (ಚುಕ್ಕೆಯಿಂದ ಪಿಎಪಿಗೆ ಎಳೆದ ಗೆರೆಗೂ ಚುಕ್ಕೆಯಿಂದ ಕೋರಿನ ಇನ್ನೊಂದು ಗುರುತಿಗೆ ಎಳೆದ ಗೆರೆಗೂ ನಡುವಿನ ಕೋನ) ಕೂಡ ಚಿಕ್ಕದಾಗಿ ಇಟ್ಟಿದ್ದರು, ಅದೂ ಬೇಗ ಉರುಳಿಸುವ ಕಡೆಗೇ ತಳ್ಳುತ್ತದೆ. ವೇಗವಾಗಿ ಎಸೆಯುವ, ಸುತ್ತು ಕಡಿಮೆ ಇರುವ ಆಟಗಾರನಿಗೆ ಅದು ಸರಿ ಹೋಗುತ್ತಿತ್ತೇನೋ. ನಾನು ಅದಕ್ಕೆ ತಿರುಗಾಮುರುಗಾ.

ಮೊದಲ ದಿನ ಬಾಲ್ ಭಯಂಕರವಾಗಿ ತಿರುಗಿತು. ಖುಷಿಯಾಯಿತು. ಎರಡನೇ ವಾರಕ್ಕೆ ಖುಷಿ ಇಳಿಯಿತು. ಪಾಕೆಟ್ಟಿಗೆ, ಅಂದರೆ ಒಂದನೇ ಮೂರನೇ ಪಿನ್‌ಗಳ ನಡುವಿನ ಜಾಗಕ್ಕೆ, ಸರಿಯಾಗಿ ಹೋದರೂ ಹಿಂದಿನ ಸಾಲಿನ ಬಲತುದಿಯ ಹತ್ತನೇ ಪಿನ್ ನಿಂತಿರುತ್ತಿತ್ತು. ಒಂದು ಆಟದಲ್ಲಿ ನಾಲ್ಕು ಸಲ, ಐದು ಸಲ. ಗಮನಿಸಿ ನೋಡಿದೆ: ಆರನೇ ಪಿನ್ ಹತ್ತನೆಯದಕ್ಕೆ ಬಡಿಯುವ ಬದಲು ಅದರ ಮುಂದೆಯೇ ಹಾಯ್ದು ಗಟರಿನಲ್ಲಿ ಮಲಗುತ್ತಿತ್ತು. ಹೊಡೆತದ ಸದ್ದೇ ಬೇರೆ ಇತ್ತು, ಪಟ್ ಅನ್ನುವ ಬದಲು ಧೊಪ್ ಅನ್ನುತ್ತಿತ್ತು. ಬಾಲ್ ಪಿನ್‌ಗಳ ಹತ್ತಿರ ಹೋಗುವಷ್ಟರಲ್ಲಿ ಸುಸ್ತಾಗಿರುತ್ತಿತ್ತು.

ಇಲ್ಲೇ ನಾನು ದೊಡ್ಡ ತಪ್ಪು ಮಾಡಿದ್ದು. ಲೇಔಟ್ ತಪ್ಪಾಗಿದೆ ಅಂತ ಯಾರೋ ಹೇಳಿದರು, ತೂತು ಮುಚ್ಚಿಸಿ ಬೇರೆ ಕಡೆ ಕೊರೆಸಿಬಿಡೋಣ ಅಂತ ಹೊರಟೆ. ಲೇಔಟ್ ತಪ್ಪಾಗಿದ್ದು ನಿಜ. ಆದರೆ ಬಾಲ್ ಸುಸ್ತಾಗುತ್ತಿದ್ದುದಕ್ಕೆ ದೊಡ್ಡ ಕಾರಣ ಅದಲ್ಲ, ಕವರಿನ ಮೈ. ತೂತು ಒಂದು ಸಲ ಕೊರೆದರೆ ಕೊರೆದಂತೆಯೇ. ಮೈಯನ್ನು ಮಾತ್ರ ಹತ್ತು ನಿಮಿಷದಲ್ಲಿ ಬದಲಿಸಬಹುದು, ಇಷ್ಟ ಆಗದಿದ್ದರೆ ಮತ್ತೆ ಮೊದಲಿನಂತೆ ಮಾಡಬಹುದು. ಹಿಂದಿರುಗಿಸಲು ಆಗುವುದನ್ನು ಮೊದಲು ಮಾಡಿ ನೋಡಬೇಕಿತ್ತು. ನಾನು ಉಲ್ಟಾ ಮಾಡಿದೆ.

ಕವರ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಎಲ್ಲರೂ ಕೋರಿನ ಚಿತ್ರ ನೋಡಿ ಬಾಲ್ ಆರಿಸುತ್ತಾರೆ, ಕವರಿನ ಕಡೆ ನೋಡುವವರು ಕಡಿಮೆ. ಎಸೆಯುವಾಗ ದಾಟಬಾರದ ಗೆರೆ, ಅಂದರೆ ಫೌಲ್ ಲೈನಿನಿಂದ ಮೊದಲ ಪಿನ್‌ಗೆ 60 ಅಡಿ. ಅದರಲ್ಲಿ ಸುಮಾರು 40 ಅಡಿವರೆಗೆ ಎಣ್ಣೆ ಇರುತ್ತದೆ, ಸಾಮಾನ್ಯವಾಗಿ ಮಧ್ಯದಲ್ಲಿ ದಪ್ಪ, ಅಂಚಿನಲ್ಲಿ ತೆಳು. ಬಾಲ್ ಮೊದಲು ಜಾರಬೇಕು, ಆಮೇಲೆ ಹುಕ್ ಆಗಬೇಕು, ಕೊನೆಯಲ್ಲಿ ಉರುಳಬೇಕು. ಎಲ್ಲಿ ಜಾರುವುದು ನಿಲ್ಲುತ್ತದೆ ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ಕವರ್ ಮತ್ತು ಲೇನಿನ ನಡುವಿನ ಹಿಡಿತ. ಪ್ಲಾಸ್ಟಿಕ್ ಕವರ್ ಎಣ್ಣೆ ಕುಡಿಯುವುದೇ ಇಲ್ಲ, ನೇರ ಹೋಗುತ್ತದೆ, ಅದಕ್ಕೇ ಸ್ಪೇರ್ ಹೊಡೆಯಲು (ಮೊದಲ ಎಸೆತಕ್ಕೆ ಉಳಿದ ಪಿನ್ ಬೀಳಿಸಲು) ಅದು ಒಳ್ಳೆಯದು. ಅಂಥ ಬಾಲ್‌ನಲ್ಲಿ ಲೇಔಟ್ ಹೇಗಿದ್ದರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ಯುರೆಥೇನ್ ಬೇಗ ಹಿಡಿಯುತ್ತದೆ, ಆದರೆ ಮೆತ್ತಗೆ ತಿರುಗುತ್ತದೆ. ರಿಯಾಕ್ಟಿವ್ ರೆಸಿನ್‌ಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ, ಎಣ್ಣೆ ಒಳಗೆ ಎಳೆದುಕೊಳ್ಳುತ್ತದೆ, ಒಣ ಜಾಗ ಸಿಕ್ಕ ಕೂಡಲೇ ಗಟ್ಟಿಯಾಗಿ ಕಚ್ಚುತ್ತದೆ. ಅದರಲ್ಲೂ ಸಾಲಿಡ್ ಬೇಗ ಕಚ್ಚುತ್ತದೆ, ಪರ್ಲ್ ತಡವಾಗಿ, ಹೈಬ್ರಿಡ್ ಎರಡರ ನಡುವೆ.

ಇದಕ್ಕೆಲ್ಲ ಮೇಲೆ ಮೈ ಎಷ್ಟು ಒರಟು ಅನ್ನುವುದು. 500ರ ಪ್ಯಾಡ್‌ನಿಂದ ಉಜ್ಜಿದ ಬಾಲ್ ತುಂಬ ಒರಟು, 4000 ಆದರೆ ನುಣುಪು, ಪಾಲಿಶ್ ಅದಕ್ಕಿಂತ ನುಣುಪು. ನನ್ನ ಬಾಲ್ ಅಂಗಡಿಯಿಂದ ಬಂದಿದ್ದೇ 500 ಆಮೇಲೆ 1000 ಉಜ್ಜಿದ ಮೈಯಲ್ಲಿ. ನಿಧಾನವಾಗಿ ಹೋಗುವ ಬಾಲ್, ಜಾಸ್ತಿ ಸುತ್ತು, ಒರಟು ಮೈ. ಎಣ್ಣೆಯ ಮೇಲೇ ಹುಕ್ ಆಗಲು ಶುರು ಮಾಡಿ, ಇರುವ ಶಕ್ತಿಯನ್ನೆಲ್ಲ 40 ಅಡಿಯೊಳಗೇ ಖರ್ಚು ಮಾಡುತ್ತಿತ್ತು. ಅಮೆರಿಕದ ಬೌಲಿಂಗ್ ಸಂಸ್ಥೆ ಯುಎಸ್‌ಬಿಸಿ ಬಾಲಿನ ಚಲನೆ ಮೇಲೆ ಮಾಡಿದ ಅಧ್ಯಯನದಲ್ಲೂ ಕೋರಿಗಿಂತ ಮೈಯ ಒರಟುತನಕ್ಕೇ ಜಾಸ್ತಿ ಪ್ರಭಾವ ಅಂತ ಕಂಡುಬಂದಿತ್ತು. ಇದು ನನಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ತೂತು ಮುಚ್ಚಿಸಿ ಮತ್ತೆ ಕೊರೆಸಿದ ಕಥೆ ಚಿಕ್ಕದು. ಈ ಸಲವೂ ಪಿಎಪಿ ಅಳೆಯಲಿಲ್ಲ. "ಹುಕ್ ಕಡಿಮೆ ಮಾಡಿ" ಅಂದೆ, ಚುಕ್ಕೆಯನ್ನು ಬೆರಳುಗಳ ಕೆಳಗೆ ತಂದರು. ಮೊದಲ ಎಸೆತಕ್ಕೇ ಟಕ್ ಟಕ್ ಟಕ್ ಅಂತ ಸದ್ದು. ಬಾಲ್ ವಾಪಸ್ ಬಂದಾಗ ತಿರುಗಿಸಿ ನೋಡಿದರೆ ಎಣ್ಣೆ ಗೆರೆಯೊಂದು ಬೆರಳಿನ ತೂತಿನ ಅಂಚನ್ನು ದಾಟಿ ಹೋಗಿತ್ತು. ತೂತಿನ ಮೇಲೆ ಉರುಳಿದರೆ ಬಾಲ್ ಕುಪ್ಪಳಿಸುತ್ತದೆ, ಹಿಡಿತ ತಪ್ಪುತ್ತದೆ, ಎಲ್ಲಿ ತಿರುಗುತ್ತದೆ ಅಂತ ಹೇಳಲು ಆಗುವುದಿಲ್ಲ. ಹತ್ತನೇ ಪಿನ್ ಮಾತ್ರ ಹಾಗೇ ನಿಂತಿರುತ್ತಿತ್ತು.

ಮುಂಚೆ ಇಂಥ ತಪ್ಪಿಗೆ ಒಂದು ದಾರಿ ಇತ್ತು. ಬ್ಯಾಲೆನ್ಸ್ ಹೋಲ್ ಅಂತ ಇನ್ನೊಂದು ತೂತು ಹಾಕಿ ಬಾಲಿನ ಗುಣವನ್ನು ಅಷ್ಟಿಷ್ಟು ಸರಿಪಡಿಸುತ್ತಿದ್ದರು. 2020ರ ಆಗಸ್ಟ್ 1ರಿಂದ ಯುಎಸ್‌ಬಿಸಿ ಸ್ಪರ್ಧೆಗಳಲ್ಲಿ ಅದಕ್ಕೆ ಅವಕಾಶ ಇಲ್ಲ. ಇರುವ ಪ್ರತಿ ತೂತೂ ಹಿಡಿಯುವುದಕ್ಕೇ ಬಳಕೆಯಾಗಬೇಕು. ಅಂದರೆ ಮೊದಲ ಸಲವೇ ಸರಿಯಾಗಿ ಕೊರೆಯಬೇಕು, ಆಮೇಲೆ ತಿದ್ದುವ ಜಾಗ ಉಳಿದಿಲ್ಲ.

ಕೊನೆಗೆ ಒಬ್ಬ ಹಿರಿಯ ಆಟಗಾರರು ಬಾಲ್ ಕೈಗೆ ತಗೊಂಡು, ಗೆರೆಗಳನ್ನು ನೋಡಿ, ಮೈ ಸವರಿ, ನಾನು ಎಸೆಯುವುದನ್ನು ನಾಲ್ಕು ಸಲ ನೋಡಿದರು. ಲೇಔಟ್ ಬಗ್ಗೆ ಏನೂ ಹೇಳಲಿಲ್ಲ. ಬಾಲನ್ನು ಸ್ಪಿನ್ನರ್ (ಬಾಲ್ ತಿರುಗಿಸುವ ಯಂತ್ರ) ಮೇಲಿಟ್ಟು, 2000, ಆಮೇಲೆ 4000ರ ಪ್ಯಾಡ್ ನೀರಲ್ಲಿ ಒದ್ದೆ ಮಾಡಿ ಎಲ್ಲ ಬದಿಗೂ ಉಜ್ಜಿದರು. ಬೂದು ಬಣ್ಣದ ನೀರು ಇಳಿಯುತ್ತಿತ್ತು. ಒರೆಸಿ ಕೊಟ್ಟಾಗ ಮೈಯಲ್ಲಿ ಮೆಲ್ಲಗೆ ಹೊಳಪು. ಎಸೆದೆ. ಟಕ್ ಟಕ್ ಹಾಗೇ ಇತ್ತು, ಆದರೆ ಬಾಲ್ ಮುಂಚೆಗಿಂತ ಎಷ್ಟೋ ಅಡಿ ಮುಂದಕ್ಕೆ ಜಾರಿ, ಆಮೇಲೆ ತಿರುಗಿತು, ಹತ್ತನೇ ಪಿನ್ ಎಗರಿ ಬಿತ್ತು. ನನಗೆ ನಿಜಕ್ಕೂ ಅಳು ಬಂದ ಹಾಗಾಯಿತು. ಮೊದಲ ಲೇಔಟ್ ಇದ್ದಾಗಲೇ ಇದನ್ನು ಮಾಡಿದ್ದರೆ ಬಾಲ್ ಉಳಿಯುತ್ತಿತ್ತು ಅಲ್ವಾ? ಈಗ ಮುಚ್ಚಿದ ತೂತಿನ ಅಂಚಿನಿಂದ ಎರಡು ಬೆರಳಿನ ತೂತುಗಳ ನಡುವಿನ ಸಣ್ಣ ಜಾಗಕ್ಕೆ ಕೂದಲೆಳೆಯಷ್ಟು ಬಿರುಕು ಬಂದಿದೆ. ಉಗುರು ಆಡಿಸಿದರೆ ಸಿಗುತ್ತದೆ. ಪ್ರತಿ ವಾರ ಸ್ವಲ್ಪ ಉದ್ದ ಆಗುತ್ತಿದೆ.

ಮೈ ಬದಲಿಸುವವರು ಒಂದು ವಿಷಯ ಗಮನಿಸಿ: ಇದನ್ನು ಸ್ಪರ್ಧೆ ಶುರುವಾಗುವ ಮುಂಚೆಯೇ ಮಾಡಬೇಕು, ಆಟದ ಮಧ್ಯೆ ಉಜ್ಜುವ ಹಾಗಿಲ್ಲ. ಪ್ರತಿ ಎಸೆತಕ್ಕೂ ಒಣ ಬಟ್ಟೆಯಲ್ಲಿ ಒರೆಸಿ. ರಿಯಾಕ್ಟಿವ್ ಬಾಲ್ ಎಣ್ಣೆ ಕುಡಿದು ಕುಡಿದು ಕಚ್ಚುವುದನ್ನೇ ಬಿಡುತ್ತದೆ, ಆಗ ಜನ ಲೇಔಟನ್ನು ಬೈಯುತ್ತಾರೆ. ಎಣ್ಣೆ ತೆಗೆಯಲು ಓವನ್ನಿನಲ್ಲಿ ಇಡುವುದು, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡುವುದು, ಇವೆಲ್ಲ ಬೇಡವೇ ಬೇಡ, ಕವರ್ ಸೀಳುತ್ತದೆ.

ಪಿಎಪಿ ನೀವೇ ಹುಡುಕಬಹುದು. ಈಗ ಇರುವ ಬಾಲ್‌ನಲ್ಲೇ ಸಾಕು. ಎಸೆದು ವಾಪಸ್ ಬಂದ ಬಾಲ್ ಮೇಲೆ ಮೊದಲು ಬಿದ್ದ ಎಣ್ಣೆ ಗೆರೆಯನ್ನು ಮೇಣದ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಆ ಉಂಗುರದ ಎಲ್ಲ ಕಡೆಯಿಂದಲೂ ಸಮದೂರದಲ್ಲಿರುವ ಜಾಗ ಹುಡುಕಿ, ಅಲ್ಲಿ ಬಿಳಿ ಟೇಪಿನ ಚಿಕ್ಕ ತುಂಡು ಅಂಟಿಸಿ. ಈಗ ಮತ್ತೆ ಎಸೆಯಿರಿ, ಯಾರಾದರೂ ಫೋನಿನಲ್ಲಿ ಸ್ಲೋ ಮೋಷನ್ ತೆಗೆಯಲಿ. ಕೈ ಬಿಟ್ಟ ಕೂಡಲೇ ಟೇಪ್ ಇದ್ದಲ್ಲೇ ನಿಂತ ಹಾಗೆ ಕಂಡರೆ ಜಾಗ ಸರಿ. ಟೇಪ್ ಸುತ್ತು ಹಾಕುತ್ತಿದ್ದರೆ ಸ್ವಲ್ಪ ಸರಿಸಿ ಮತ್ತೆ ನೋಡಿ. ನನಗೆ ಆರು ಎಸೆತ ಬೇಕಾಯಿತು. ಆಮೇಲೆ ಮೂರು ತೂತುಗಳ ನಡುವಿನ ಮಧ್ಯಬಿಂದುವಿನಿಂದ ಬಲಕ್ಕೆ ಎಷ್ಟು, ಮೇಲಕ್ಕೋ ಕೆಳಕ್ಕೋ ಎಷ್ಟು ಅಂತ ಅಳೆದು ಬರೆದಿಡಿ. ನನ್ನದು ಬಲಕ್ಕೆ 4 1/4, ಮೇಲಕ್ಕೆ 1/2. ಕೊರೆಯುವವರು ಡ್ಯುಯಲ್ ಆಂಗಲ್ ಪದ್ಧತಿ ಬಳಸಿದರೆ ಮೂರು ಸಂಖ್ಯೆ ಹೇಳುತ್ತಾರೆ: ಡ್ರಿಲ್ಲಿಂಗ್ ಆಂಗಲ್, ಚುಕ್ಕೆಯಿಂದ ಪಿಎಪಿಗೆ ದೂರ, ವ್ಯಾಲ್ ಆಂಗಲ್ (ಪಿಎಪಿ ಮೂಲಕ ಹೋಗುವ ಲಂಬ ಗೆರೆಗೂ ಚುಕ್ಕೆಯಿಂದ ಪಿಎಪಿಗೆ ಎಳೆದ ಗೆರೆಗೂ ನಡುವಿನ ಕೋನ). ಆ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಯಾಕೆ ಅದೇ ಸಂಖ್ಯೆ ಅಂತ ಕೇಳಿ. ನೀವು ಎಸೆಯುವುದನ್ನು ನೋಡದೆ ಉತ್ತರ ಕೊಟ್ಟರೆ ಬಾಲ್ ವಾಪಸ್ ತಗೊಂಡು ಬನ್ನಿ.

ಇನ್ನು ಹೆಬ್ಬೆರಳು. ಎರಡನೇ ಸಲ ಕೊರೆದಾಗ ಸ್ಪ್ಯಾನ್, ಅಂದರೆ ಹೆಬ್ಬೆರಳಿನ ತೂತಿಗೂ ಬೆರಳಿನ ತೂತುಗಳಿಗೂ ಇರುವ ದೂರ, ಕಾಲು ಇಂಚು ಉದ್ದ ಆಗಿತ್ತು. ಕೈ ಹಿಗ್ಗಿಸಿ ಹಿಡಿಯಬೇಕಿತ್ತು. ಹೆಬ್ಬೆರಳಿನ ತೂತಿನ ಅಂಚನ್ನೂ ಸರಿಯಾಗಿ ದುಂಡಗೆ ಮಾಡಿರಲಿಲ್ಲ. ಮೂರನೇ ವಾರ ಹೆಬ್ಬೆರಳಿನ ಬುಡದಲ್ಲಿ, ತೋರುಬೆರಳಿನ ಕಡೆಗೆ, ಜುಮ್ ಅನ್ನಲು ಶುರುವಾಯಿತು. ಚರ್ಮ ದಪ್ಪ ಆಗುತ್ತಿದೆ ಅಂದುಕೊಂಡು ಟೇಪ್ ಸುತ್ತಿ ಆಡಿದೆ. ಒಂದು ತಿಂಗಳಿಗೆ ಆ ಬದಿ ಮರಗಟ್ಟಿತು, ಒತ್ತಿದರೆ ಒಳಗೆ ಗಂಟಿನ ಹಾಗೆ ಕೈಗೆ ಸಿಗುತ್ತಿತ್ತು. ತೂತಿನ ಅಂಚು ನರಕ್ಕೆ ಮತ್ತೆ ಮತ್ತೆ ಉಜ್ಜಿ ನರದ ಸುತ್ತ ದಪ್ಪ ಆಗಿದೆ ಅಂದರು ಡಾಕ್ಟರು, ಇದಕ್ಕೆ ಬೌಲರ್ಸ್ ಥಂಬ್ ಅಂತಲೇ ಹೆಸರಿದೆಯಂತೆ. ಎರಡು ತಿಂಗಳು ಆಟ ನಿಲ್ಲಿಸಿದೆ. ಹೊಸ ಬಾಲ್‌ಗೆ ಸ್ಪ್ಯಾನ್ ಕಾಲು ಇಂಚು ಕಡಿಮೆ ಮಾಡಿಸಿ, ಅಂಚನ್ನು ಎದುರಿಗೇ ನಿಂತು ದುಂಡಗೆ ಮಾಡಿಸಿಕೊಂಡೆ. ಅದಕ್ಕೆ ಹಿಡಿದಿದ್ದು ಐದು ನಿಮಿಷ. ಈಗ ವಾರಕ್ಕೆ ಎರಡು ಆಟ ಆಡುತ್ತೇನೆ, ನೋವಿಲ್ಲ, ಆದರೆ ಆ ಬದಿಯ ಸ್ಪರ್ಶ ಇನ್ನೂ ಪೂರ್ತಿ ವಾಪಸ್ ಬಂದಿಲ್ಲ.