ಬಾಡಿಗೆ ಹಾಯಿದೋಣಿ ಹತ್ತುವ ಮುಂಚೆ ಲಂಗರಿನ ಸರಪಳಿ ಅಳೆದು ನೋಡಿ

ಬಾಡಿಗೆ ಹಾಯಿದೋಣಿಯಲ್ಲಿ ಕರಾವಳಿಯ ಕಾಲುವೆ, ಅಳಿವೆ ಸುತ್ತುತ್ತಾ ಅಲ್ಲಲ್ಲಿ ಲಂಗರು ಹಾಕಿ ಮಲಗುವ ಯೋಚನೆ ಇದೆಯಾ? ಹಾಗಾದರೆ ಇದನ್ನು ಓದಿ. ಹಾಯಿ, ಎಂಜಿನ್ನು ಎಲ್ಲರೂ ನೋಡುತ್ತಾರೆ. ಲಂಗರಿನ ಸರಪಳಿಯನ್ನು ಪೂರ್ತಿ ಹೊರಗೆಳೆದು ನೋಡುವವರು ಕಡಿಮೆ.

ನಮಗೆ ದೋಣಿ ಕೊಟ್ಟವರ ಪಟ್ಟಿಯಲ್ಲಿ ಸರಪಳಿ 50 ಮೀಟರ್ ಎಂದಿತ್ತು. ಲಂಗರಿನ ಕಡೆಯಿಂದ 10 ಮೀಟರಿಗೊಂದು ಬಣ್ಣದ ಗುರುತು. "ಮೊದಲನೇ ಕೆಂಪು ಅಳಿಸಿಹೋಗಿದೆ. ಹಳದಿ ಬಂದರೆ 20, ನೀಲಿ ಬಂದರೆ 30, ಅಷ್ಟೇ" ಎಂದರು.

ಸಂಜೆ ಇಳಿತದ ಹೊತ್ತಿಗೆ ಒಂದು ಕವಲಿನಲ್ಲಿ ನಿಂತೆವು. ತಳ ಕೆಸರು, ಆಳ 4 ಮೀಟರ್. ಉಬ್ಬರಕ್ಕೆ ಇನ್ನೂ 2 ಏರುತ್ತದೆ, ನೀರಿನಿಂದ ದೋಣಿಯ ಮೂತಿಗೆ 1. ಒಟ್ಟು 7. ಅದರ ಐದು ಪಟ್ಟು, ಅಂದರೆ 35 ಮೀಟರ್ ಸರಪಳಿ ಬೇಕು. ನೀಲಿ ಗುರುತು ದಾಟಿಸಿ ಅಷ್ಟು ಬಿಟ್ಟೆವು. ಎಂಜಿನ್ ಹಿಮ್ಮುಖವಾಗಿ ಓಡಿಸಿ ಎಳೆದು ನೋಡಿದರೆ ಲಂಗರು ಗಟ್ಟಿಯಾಗಿ ಕಚ್ಚಿತ್ತು.

ರಾತ್ರಿ ನೀರು ಏರತೊಡಗಿತು. ಹರಿವು ತಿರುಗಿತು, ಗಾಳಿ ಜೋರಾಯಿತು. ದೋಣಿ ಜಾಗ ಬಿಟ್ಟು ಸರಿದರೆ ಎಚ್ಚರಿಸಲೆಂದು ಫೋನಿನಲ್ಲಿ ಇಟ್ಟಿದ್ದ ಅಲಾರಂ ಹೊಡೆದುಕೊಂಡಿತು. ಮೇಲೆ ಬಂದು ನೋಡಿದರೆ ದೋಣಿ ಲಂಗರನ್ನೂ ಎಳೆದುಕೊಂಡು ದಡದತ್ತ ಹೊರಟಿದೆ! ಎಂಜಿನ್ ಶುರು ಮಾಡುವಷ್ಟರಲ್ಲಿ ಚುಕ್ಕಾಣಿ ಕೆಸರಿನ ದಿಬ್ಬಕ್ಕೆ ತಾಗಿತು. ನೀರು ಇನ್ನೂ ಏರುತ್ತಿದ್ದುದರಿಂದ ಬಚಾವಾದೆವು. ಉಬ್ಬರದ ತುತ್ತತುದಿಯಲ್ಲಿ ಹೀಗೆ ಸಿಕ್ಕಿಬಿದ್ದಿದ್ದರೆ ನೀರು ಇಳಿದಂತೆ ದೋಣಿ ಅಲ್ಲೇ ವಾಲಿಕೊಳ್ಳುತ್ತಿತ್ತು.

ಬೆಳಿಗ್ಗೆ ಸರಪಳಿಯನ್ನು ಡೆಕ್ ಮೇಲೆ ಹರಡಿ ಅಳೆದರೆ ಇದ್ದದ್ದು ಬರೀ 40 ಮೀಟರ್. ಕೆಂಪು ಗುರುತು ಅಳಿಸಿಹೋಗಿರಲಿಲ್ಲ, ಆ ತುಂಡೇ ಇರಲಿಲ್ಲ. ಲಂಗರಿನ ಕಡೆಯ ತುದಿ ಹೆಚ್ಚು ಹೊತ್ತು ಉಪ್ಪುನೀರಲ್ಲಿರುತ್ತದೆ, ಅದೇ ಮೊದಲು ತುಕ್ಕು ಹಿಡಿಯುವುದು. ಅದನ್ನು ಕತ್ತರಿಸಿ, ಉಳಿದದ್ದಕ್ಕೆ ಲಂಗರು ಸಿಕ್ಕಿಸಿ, ಹಳೇ ಗುರುತುಗಳನ್ನು ಹಾಗೇ ಬಿಟ್ಟಿದ್ದರು. ಕತ್ತರಿಸಿದ್ದಕ್ಕೆ ನನ್ನ ತಕರಾರಿಲ್ಲ. ಹೇಳದೆ ಇದ್ದದ್ದಕ್ಕೆ ಇದೆ.

ಅಂದರೆ ನಾವು ನಿಜಕ್ಕೂ ಬಿಟ್ಟದ್ದು 25 ಮೀಟರ್. ಇಳಿತದಲ್ಲಿ 5ಕ್ಕೆ 25, ಐದು ಪಟ್ಟು, ಅದಕ್ಕೇ ಸಂಜೆ ಕಚ್ಚಿತ್ತು. ತುಂಬು ಉಬ್ಬರಕ್ಕೆ 7ಕ್ಕೆ 25, ಮೂರೂವರೆ ಪಟ್ಟು ಮಾತ್ರ. ನೀರು ಏರಿದಷ್ಟೂ ಸರಪಳಿ ಲಂಗರನ್ನು ಅಡ್ಡಕ್ಕೆ ಎಳೆಯುವ ಬದಲು ಮೇಲಕ್ಕೆ ಕೀಳುತ್ತದೆ. ಸಂಜೆಯ ಪರೀಕ್ಷೆ ಪಾಸಾಯಿತು ಅಂತ ನಂಬಿ ಮಲಗುವ ಹಾಗೂ ಇಲ್ಲ, ನೋಡಿ.

ಇನ್ನೊಂದು ಸಿಕ್ಕಿತು. ಸರಪಳಿಯ ಒಳತುದಿಯನ್ನು ದೋಣಿಗೆ ಕಟ್ಟಿರಲೇ ಇಲ್ಲ. ಕೈತಪ್ಪಿದ್ದರೆ ಲಂಗರು, ಸರಪಳಿ ಎರಡೂ ನೀರುಪಾಲು. ಅಲ್ಲಿ ಗಟ್ಟಿ ಹಗ್ಗದ ಕಟ್ಟು ಇರಬೇಕು. ತುರ್ತಿಗೆ ಚಾಕುವಿನಿಂದ ಕತ್ತರಿಸಲು ಆಗುವಂಥದ್ದು.

ವಾಪಸ್ ಬಂದು ಹೇಳಿದರೆ "ಬೇರೆ ಯಾರೂ ದೂರು ಕೊಟ್ಟಿಲ್ಲವಲ್ಲ" ಎಂಬ ಉತ್ತರ! ಚುಕ್ಕಾಣಿಗೆ ಗೀರು ಬಿದ್ದಿದೆ ಎಂದು ಮುಂಗಡದಲ್ಲಿ ಹಣವನ್ನೂ ಹಿಡಿದುಕೊಂಡರು. ಸರಪಳಿ ಅಳೆಯುವಾಗ ತೆಗೆದ ಫೋಟೋ ತೋರಿಸಿದ ಮೇಲೆ ಅರ್ಧ ಬಿಟ್ಟರು.

ನೀವಾದರೆ ದೋಣಿ ಇನ್ನೂ ಕಟ್ಟೆಯಲ್ಲಿ ಇರುವಾಗಲೇ ಅವರ ಎದುರಿಗೇ ಸರಪಳಿ ಪೂರ್ತಿ ಹೊರಗೆ ತೆಗೆಸಿ, ಅಳೆಸಿ, ಪಟ್ಟಿಯಲ್ಲಿ ಬರೆಸಿಕೊಳ್ಳಿ. ಲಂಗರು ಸೇರಿಸುವ ಕೊಂಡಿಯ ಪಿನ್ನಿಗೆ ಅದು ಬಿಚ್ಚಿಕೊಳ್ಳದಂತೆ ತಂತಿ ಸುತ್ತಿದೆಯಾ ಅಂತಲೂ ನೋಡಿ. "ಅದೆಲ್ಲ ಸುಮ್ನೆ ಯಾಕೆ" ಅಂದರೆ ಬೇರೆ ದೋಣಿ ಹುಡುಕಿ.